ಕಲಿಸದ ಪಾಠಕ್ಕೆ ಪರೀಕ್ಷೆ

ನಾವು ಪತಿ-ಪತ್ನಿಯರಿಬ್ಬರೂ ಅಧ್ಯಾಪಕರು. ಕಾಸರಗೋಡಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ದೀರ್ಘಕಾಲ ಪಾಠ ಹೇಳಿ ನಿವೃತ್ತರಾದವರು. ಮಕ್ಕಳ ಮನಸ್ಸನ್ನು ಅರಿತವರೆಂದು ಊರವರು ನಮ್ಮನ್ನು ಮೆಚ್ಚುತ್ತಿದ್ದ ಕಾಲದಲ್ಲಿಯೇ ನಮ್ಮ ಮನೆಯೊಳಗೆ ಮಾತು ನಿಂತುಹೋಗಿತ್ತು. ಅದನ್ನು ಇಂದು ಸಂಕೋಚವಿಲ್ಲದೆ ಹೇಳಬಲ್ಲೆವು.

ನಮ್ಮ ವಿವಾಹವಾದದ್ದು 1981ರಲ್ಲಿ. ಪತ್ನಿಯಾದವರು ಪುತ್ತೂರಿನ ಕಡೆಯವರು, ಮಲಯಾಳ ತಿಳಿಯದು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಕಚೇರಿ, ಪೇಟೆಗಳಲ್ಲಿ ಆ ಭಾಷೆಯ ಅಗತ್ಯ ಹೆಚ್ಚುತ್ತ ಬಂದಿತ್ತು. ಒಂದು ದಿನ ಜೀನಸಿನ ಅಂಗಡಿಯಲ್ಲಿ ಅವರು ಸಾಮಾನಿನ ಪಟ್ಟಿಯನ್ನು ಹುಡುಕುತ್ತ, ಹೊಸದಾಗಿ ಕಲಿತ ಮಲಯಾಳದಲ್ಲಿ "ಪಟ್ಟಿ ಎವಿಡೆ?" ಎಂದು ಕೇಳಿದರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ! ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪತಿಯಾದವರೂ ನಕ್ಕು, ಎಲ್ಲರೆದುರಿನಲ್ಲಿಯೇ "ಪಟ್ಟಿಕ ಎನ್ನಬೇಕು, ಎಷ್ಟು ಸಲ ಹೇಳಿದ್ದೇನೆ?" ಎಂದು ತಿದ್ದಿದರು. ಅಂದಿನಿಂದ ಪೇಟೆಯಲ್ಲಿ ಅವರು ಮಲಯಾಳ ಆಡಲಿಲ್ಲ. ಮನೆಯಲ್ಲಿ ಕನ್ನಡವೂ ಕಡಮೆಯಾಯಿತು.

ತಪ್ಪು ಒಂದೇ ಕಡೆಯದಾಗಿರಲಿಲ್ಲ. ನೊಂದದ್ದನ್ನು ಬಾಯಿಬಿಟ್ಟು ಹೇಳದೆ, "ಇವರಿಗೇ ತಿಳಿಯಬೇಕು" ಎಂದು ಪತ್ನಿಯಾದವರು ತಿಂಗಳುಗಟ್ಟಲೆ ಕಾದರು. ತಿಳಿಯದಾಗ ಮನಸ್ಸಿನಲ್ಲಿಯೇ ಸೊನ್ನೆ ಅಂಕ ಕೊಟ್ಟರು. ಕಲಿಸದ ಪಾಠಕ್ಕೆ ಪರೀಕ್ಷೆ ಇಡುವುದು ಶಾಲೆಯಲ್ಲಾಗಿದ್ದರೆ ಅವರಿಗೇ ಅನ್ಯಾಯವೆನಿಸುತ್ತಿತ್ತು.

ನಮ್ಮ ತರಗತಿಗಳ ನಡುವೆ ಇದ್ದದ್ದು ಬಿದಿರಿನ ತಟ್ಟಿ ಮಾತ್ರ. ಒಂದು ಮಧ್ಯಾಹ್ನ ಆಚೆಯ ತರಗತಿಯಲ್ಲಿ ಹುಡುಗನೊಬ್ಬ ಓದುತ್ತ ಓದುತ್ತ ತಡವರಿಸಿದ. ಉಳಿದ ಮಕ್ಕಳು ನಗತೊಡಗಿದಾಗ ಅವರನ್ನು ತಡೆದು, "ಅವಸರವಿಲ್ಲ ಮಗಾ, ನಿಧಾನವಾಗಿ ಓದು" ಎಂದ ಪತಿಯ ಸ್ವರ ಈಚೆಗೆ ಕೇಳಿಸಿತು. ಆ ಸಂಜೆ ಚಾವಡಿಯಲ್ಲಿ ಕುಳಿತಾಗ ಪತ್ನಿಯಾದವರು ಕೇಳಿದ್ದು ಒಂದೇ ಮಾತು: "ಆ ಹುಡುಗನಿಗೆ ಕೊಟ್ಟಷ್ಟು ಹೊತ್ತನ್ನು ಅಂದು ಅಂಗಡಿಯಲ್ಲಿ ನನಗೂ ಕೊಡಬಹುದಿತ್ತಲ್ಲ?"

ಉತ್ತರಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವರು ಕಾದರು. "ತಪ್ಪಾಯಿತು" ಎಂಬ ಮಾತು ಬಂದದ್ದು ದೀಪ ಹಚ್ಚಿದ ಮೇಲೆಯೇ.

ಅಧ್ಯಾಪಕರು ಪ್ರಶ್ನೆ ಕೇಳಿದ ಬಳಿಕ ಉತ್ತರಕ್ಕಾಗಿ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆಂದು ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1974ರಲ್ಲಿ ಬರೆದರು. 3 ಸೆಕೆಂಡಿಗಿಂತ ಹೆಚ್ಚು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಹಿಂದುಳಿದವರೆನಿಸಿದ ಮಕ್ಕಳೂ ಹೆಚ್ಚು ಮಾತಾಡುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ದಾಂಪತ್ಯದಲ್ಲಿಯೂ ಹೀಗೆಯೇ ಎಂಬುದು ನಮ್ಮ ಅನುಭವ. ಮಾತು ಮುಗಿಯುವ ಮುನ್ನ ತಿದ್ದಬಾರದು. ತಿದ್ದಲೇಬೇಕಾದರೆ ಇಬ್ಬರೇ ಇರುವಾಗ ತಿದ್ದಬೇಕು. ಬೇಕಾದದ್ದನ್ನು ಬಾಯಿಬಿಟ್ಟು ಹೇಳಬೇಕು. ಆದರೆ ಶಾಲೆಗೂ ಮನೆಗೂ ಒಂದು ಭೇದವುಂಟು: ಇಲ್ಲಿ ಅಧ್ಯಾಪಕರ ಕುರ್ಚಿ ಯಾರೊಬ್ಬರಿಗೂ ಖಾಯಂ ಅಲ್ಲ.

ಮಲಯಾಳವನ್ನು ಪತ್ನಿಯಾದವರು ಆಮೇಲೆ ಚೆನ್ನಾಗಿಯೇ ಕಲಿತರು. ಈಗಲೂ ಪೇಟೆಗೆ ಹೊರಡುವಾಗ "ಪಟ್ಟಿ ತೆಗೆದುಕೊಂಡಿರಾ?" ಎಂದು ಒಬ್ಬರು ಕೇಳಿದರೆ, "ಅಂಗಳದಲ್ಲಿ ಕಟ್ಟಿಹಾಕಿದ್ದೇನೆ" ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ನಗುವವರು ಈಗ ಇಬ್ಬರೂ.