ಬ.ಹ. ಅವರ ಡೈನಮೋ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಪುಣೆಯ ನಮ್ಮ ಸರಕಾರಿ ವಸತಿಗೃಹದ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದ ಮಗನ ಸೈಕಲ್ಲು ಮುಂದಕ್ಕೆ ಬಾಗಿ ಮೂಗನ್ನು ನೆಲಕ್ಕೂರಿತ್ತು. ಮುಂದಿನ ಗಾಲಿ ಇರಲಿಲ್ಲ. ನಾವು ಹಾಕಿದ್ದ ಬೀಗ ಮಾತ್ರ ಹಾಕಿದಂತೆಯೇ ಇತ್ತು. ಕೇಬಲ್ಲು ಫ್ರೇಮನ್ನೂ ನೀರಿನ ಕೊಳವೆಯನ್ನೂ ನಿಷ್ಠೆಯಿಂದ ತಬ್ಬಿಕೊಂಡಿತ್ತು. ಬಂದವನು ಬೀಗದ ತಂಟೆಗೇ ಹೋಗಿರಲಿಲ್ಲ.

ಈಗಿನ ಅನೇಕ ಗೇರು ಸೈಕಲ್ಲುಗಳ ಗಾಲಿಗೆ ನಟ್ಟಿನ ಬದಲು ಒಂದು ಪುಟ್ಟ ಹಿಡಿಕೆ ಇರುತ್ತದೆ. ಅದನ್ನು ಹಿಮ್ಮಗ್ಗುಲಾಗಿ ಎಳೆದು, ಎದುರಿನ ತಿರುಪನ್ನು ನಾಲ್ಕು ಸುತ್ತು ಸಡಿಲಿಸಿದರೆ ಗಾಲಿ ಕೈಗೆ ಬರುತ್ತದೆ, ಪಾನಾ ಬೇಕಿಲ್ಲ. ಇಟಲಿಯ ಸೈಕಲ್ ಸ್ಪರ್ಧಿ ತುಲ್ಲಿಯೊ ಕಂಪಗ್ನೊಲೊ 1930ರ ಸುಮಾರಿಗೆ ಇದನ್ನು ರೂಪಿಸಿದ್ದು ಸ್ಪರ್ಧಿಗಳ ಅನುಕೂಲಕ್ಕಾಗಿ. ಆ ಅನುಕೂಲವು ಕಳ್ಳನಿಗೂ ಅಷ್ಟೇ ಒದಗುತ್ತದೆಂಬುದು ಸೈಕಲ್ಲು ಕೊಂಡ ದಿನ ನನಗೆ ಹೊಳೆದಿರಲಿಲ್ಲ. ಗಾಲಿ ಹೋದ ಮೇಲೆ ರಿಪೇರಿ ಅಂಗಡಿಯಾತ ಎಲ್ಲವನ್ನೂ ವಿವರಿಸಿದ. ತೆಳ್ಳನೆಯ ಕೇಬಲ್ಲನ್ನು ಸಾಧಾರಣ ಕಟರ್ ಕತ್ತರಿಸುತ್ತದೆ. ಆದ್ದರಿಂದ ಗಟ್ಟಿ ಉಕ್ಕಿನ ಯು ಆಕಾರದ ಬೀಗವನ್ನು ಹಿಂದಿನ ಗಾಲಿ, ಫ್ರೇಮು ಮತ್ತು ನೆಲದಲ್ಲಿ ಹುಗಿದ ಕಂಬ ಮೂರನ್ನೂ ಸೇರಿಸಿ ಹಾಕಬೇಕು. ಮುಂದಿನ ಗಾಲಿಯನ್ನು ಇನ್ನೊಂದು ಸರಪಳಿಯಿಂದ ಫ್ರೇಮಿಗೆ ಕಟ್ಟಬೇಕು. ಹಿಡಿಕೆಯ ಅಚ್ಚನ್ನು ತೆಗೆಸಿ ಅಲೆನ್ ಕೀಲಿ ಬೇಕಾಗುವ ಅಚ್ಚನ್ನು ಹಾಕಿಸಬೇಕು. ದೀಪ, ಪಂಪುಗಳನ್ನು ಮನೆಯೊಳಗೆ ಒಯ್ಯಬೇಕು. ಪೆಡಲುಗಳ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಒತ್ತಿರುವ ಫ್ರೇಮಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಇವುಗಳಲ್ಲಿ ಒಂದನ್ನೂ ನಾವು ಮಾಡಿರಲಿಲ್ಲ.

ಠಾಣೆಗೆ ಹೋಗಿ ದೂರು ಕೊಟ್ಟೆವು. ಬರೆದುಕೊಳ್ಳುತ್ತಿದ್ದವರು ಗಾಲಿಯ ಗುರುತು ಕೇಳಿದರು. ಕಪ್ಪು ರಿಮ್ಮು, ಬೆಳ್ಳಿ ಬಣ್ಣದ ಕಡ್ಡಿಗಳು ಎಂದೆ. ಅವರು ಲೇಖನಿ ನಿಲ್ಲಿಸಿ, ಅಂಥವು ಊರಿನಲ್ಲಿ ಎಷ್ಟಿರಬಹುದು ಎಂಬಂತೆ ನನ್ನನ್ನೇ ನೋಡಿದರು.

ಹೊಸ ಗಾಲಿಗೆ ಟೈರು ಟ್ಯೂಬು ಸೇರಿ 3200 ರೂಪಾಯಿ ಎಂದು ಅಂಗಡಿಯವರು ಹೇಳಿದರು. ಅದೇ ಸಂಜೆ, ಒಂಬತ್ತನೆಯ ತರಗತಿಯ ನನ್ನ ಮಗ ಮೊಬೈಲು ಹಿಡಿದು ಓಡಿ ಬಂದ. ಊರಿನ ಇನ್ನೊಂದು ತುದಿಯಲ್ಲಿ ಯಾರೋ ಅದೇ ಅಳತೆಯ ಗಾಲಿಯನ್ನು 1200 ರೂಪಾಯಿಗೆ ಮಾರುತ್ತಿದ್ದರು. ಹೆಸರಿಲ್ಲ, ಬಿಲ್ಲಿಲ್ಲ, ರೊಕ್ಕ ನಗದಾಗಿಯೇ ಕೊಡಬೇಕು.

“ಅಪ್ಪಾ, ಎರಡು ಸಾವಿರ ಉಳಿಯುತ್ತೆ. ಹೋಗೋಣವಾ?”

ಹೋಗೋಣ ಎನ್ನಲು ನಾನು ಬಾಯಿ ತೆರೆದಿದ್ದೆ. ತಿಂಗಳ ಕೊನೆಯಾಗಿತ್ತು. ನಮಗೆ ನಷ್ಟವಾಗಿದೆ, ಅದನ್ನು ಎಲ್ಲಿಂದಾದರೂ ತುಂಬಿಕೊಳ್ಳುವ ಹಕ್ಕು ನಮಗಿದೆ ಎಂಬ ಭಾವ ಬೆಳಗಿನಿಂದಲೂ ಮನಸ್ಸಿನಲ್ಲಿ ಬಲಿಯುತ್ತಿತ್ತು. ಅಷ್ಟರಲ್ಲಿ ಇಪ್ಪತ್ತೆಂಟು ವರ್ಷ ಹಿಂದಿನ ಒಂದು ಸಂಜೆ ನೆನಪಾಯಿತು.

1996ರಲ್ಲಿ ನಾನು ಧಾರವಾಡದಲ್ಲಿ ಪಿ.ಯು.ಸಿ. ಓದುತ್ತಿದ್ದೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಆರು ಮೈಲು ದೂರದ ಹಳ್ಳಿಯಲ್ಲಿ ಶಾಲೆ ಮುಗಿಸಿ, ಸಂಜೆ ದೊಡ್ಡವರಿಗೂ ಅಕ್ಷರ ಕಲಿಸಿ, ರಾತ್ರಿ ಎಂಟೂವರೆಗೆ ಕರಿಯ ಹರ್ಕ್ಯುಲಿಸ್ ಸೈಕಲ್ಲಿನ ಮೇಲೆ ಮನೆ ಸೇರುತ್ತಿದ್ದರು. ಆ ದಾರಿಗೆ ದೀಪವಿರಲಿಲ್ಲ. ಟೈರಿನ ಪಕ್ಕಕ್ಕೆ ತಾಗಿ ಗುಂಯ್‌ಗುಡುತ್ತ ತಿರುಗುವ ಡೈನಮೋ ಒಂದೇ ಅವರ ಬೆಳಕು.

ಒಂದು ರವಿವಾರ ಅದೇ ಸೈಕಲ್ಲಿನಲ್ಲಿ ನಾನು ಸಿನಿಮಾಕ್ಕೆ ಹೋದೆ. ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಒಂದು ರೂಪಾಯಿ. ಅದನ್ನು ಉಳಿಸಲೆಂದು ಟಾಕೀಜಿನ ಹಿಂದಿನ ಬೋಳದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗೆ ಕೀಲಿ ಹಾಕಿ ಒಳಗೆ ನಡೆದೆ. ಹೊರಬಂದಾಗ ಸೈಕಲ್ಲು ಇತ್ತು, ಡೈನಮೋ ಇರಲಿಲ್ಲ. ಅದನ್ನು ಫೋರ್ಕಿಗೆ ಹಿಡಿದಿರುವುದು ಒಂದೇ ಬೋಲ್ಟು. ಪಾನಾ ಇದ್ದವನಿಗೆ ಒಂದು ನಿಮಿಷದ ಕೆಲಸ. ಆ ಕಾಲದಲ್ಲಿ ಗಂಟೆಯ ಬಟ್ಟಲು, ಸೀಟು, ಟ್ಯೂಬಿನ ವಾಲ್ವು ಕೂಡ ಹೀಗೇ ಕಾಣೆಯಾಗುತ್ತಿದ್ದವು. ಗಂಟೆಯ ಬಟ್ಟಲನ್ನು ತಿರುವಿ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡೇ ತರಗತಿಗೆ ಬರುವ ಗೆಳೆಯರು ನನಗಿದ್ದರು.

ಅಪ್ಪನಿಗೆ ಹೇಳುವ ಧೈರ್ಯವಾಗಲಿಲ್ಲ. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಹಳೆಯ ಡೈನಮೋಗಳ ರಾಶಿ ಇತ್ತು. ನಾಲ್ವತ್ತು ರೂಪಾಯಿಗೆ ಒಂದನ್ನು ಕೊಂಡು ಕೂಡಿಸಿಕೊಂಡೆ. ಮನೆಯ ಹತ್ತಿರ ಬಂದಾಗ ಅದರ ಹೊಟ್ಟೆಯ ಮೇಲೆ ಮೊಳೆಯಿಂದ ಗೀಚಿದ ಎರಡು ಅಕ್ಷರ ಕಂಡವು: ಬ.ಹ. ತನ್ನದು ಕಳುವಾದೀತೆಂದು ಯಾರೋ ಮೊದಲೇ ಹೆದರಿ ಕೆತ್ತಿದ ಹೆಸರು. ಅದರ ಅರ್ಥ ನನಗೆ ತಕ್ಷಣ ತಿಳಿಯಿತು. ತಿಳಿದೇ ಗಟಾರದ ಬದಿಯ ಕೆಸರನ್ನು ಬೆರಳಿಗೆ ಹಚ್ಚಿಕೊಂಡು ಆ ಅಕ್ಷರಗಳ ಮೇಲೆ ಬಳಿದೆ.

ಅಪ್ಪ ಮರುದಿನ ರಾತ್ರಿ ಮನೆಗೆ ಬಂದವರೇ ಸೈಕಲ್ಲನ್ನು ಒರೆಸಲು ಕೂತರು. ಕೆಸರು ಒರಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನನ್ನು ಕರೆದರು.

“ಇದು ಯಾರದಪಾ?”

ಎಲ್ಲವನ್ನೂ ಹೇಳಿದೆ. ಬಡಿಯುತ್ತಾರೆ ಎಂದುಕೊಂಡಿದ್ದೆ, ಬಡಿಯಲಿಲ್ಲ. ಡೈನಮೋ ಬಿಚ್ಚಿಕೊಂಡು ನನ್ನನ್ನೂ ಕರೆದುಕೊಂಡು ಅಂಗಡಿಗೆ ನಡೆದರು. ಅಂಗಡಿಯವನು, “ಯಾರೋ ಹುಡುಗರು ತಂದು ಕೊಟ್ಟಾರ್ರೀ ಸರ, ನಾ ಯಾರನ್ನ ಕೇಳ್ಲಿ?” ಎಂದ. ಅಪ್ಪ ರೊಕ್ಕ ವಾಪಸು ಕೇಳಲಿಲ್ಲ. “ಬ.ಹ. ಅಂತ ಬರದ ಡೈನಮೋ ಕೇಳಿಕೊಂಡು ಯಾರರೆ ಬಂದ್ರ ನಮ್ಮ ಮನಿಗೆ ಕಳಸ್ರಿ” ಎಂದು ವಿಳಾಸ ಬರೆದುಕೊಟ್ಟರು. ಮನೆಗೆ ಬಂದು ಅದನ್ನು ಪಡಸಾಲೆಯ ಮೊಳೆಗೆ ತೂಗುಹಾಕಿದರು. ಯಾರೂ ಬರಲಿಲ್ಲ. ಹೊಸ ಡೈನಮೋ ಕೊಳ್ಳಲು ಮೂರು ತಿಂಗಳಾಯಿತು. ಅಲ್ಲಿಯವರೆಗೆ ಅಪ್ಪ ಹ್ಯಾಂಡಲ್ಲಿಗೆ ಬ್ಯಾಟರಿ ಕಟ್ಟಿಕೊಂಡು, ಸೆಲ್ಲು ಮುಗಿದ ದಿನ ಸೈಕಲ್ಲನ್ನು ತಳ್ಳಿಕೊಂಡು, ಕತ್ತಲಲ್ಲಿ ಮನೆಗೆ ಬರುತ್ತಿದ್ದರು. ಅವ್ವ ಹೊಸ್ತಿಲಲ್ಲಿ ಕೂತು ಕಾಯುವಾಗ ನಾನು ಪುಸ್ತಕದಲ್ಲಿ ತಲೆ ಹುದುಗಿಸುತ್ತಿದ್ದೆ. ಓದಿದ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ.

ಮುಂದೆ ಇಂಗ್ಲಿಷ್ ಎಂ.ಎ. ಓದುವಾಗ ವಿತ್ತೋರಿಯೊ ಡಿ ಸಿಕಾ 1948ರಲ್ಲಿ ತೆಗೆದ ಸೈಕಲ್ ಕಳ್ಳರ ಚಿತ್ರವನ್ನು ನೋಡಿದೆ. ಅಂತೋನಿಯೊನ ಹೆಂಡತಿ ಮನೆಯ ಹಾಸಿಗೆಯ ಚಾದರಗಳನ್ನು ಒತ್ತೆಯಿಟ್ಟು ಸೈಕಲ್ಲನ್ನು ಬಿಡಿಸಿಕೊಡುತ್ತಾಳೆ. ಗೋಡೆಗೆ ಭಿತ್ತಿಪತ್ರ ಹಚ್ಚುವ ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ. ಅಪ್ಪ ಮಗ ರೋಮಿನ ಸಂತೆಯಲ್ಲಿ ಬಿಡಿಭಾಗಗಳ ರಾಶಿಗಳ ನಡುವೆ ತಮ್ಮ ಸೈಕಲ್ಲನ್ನು ತುಂಡುತುಂಡಾಗಿ ಹುಡುಕುವ ದೃಶ್ಯದಲ್ಲಿ ನನಗೆ ಧಾರವಾಡದ ಆ ರಾಶಿ ಕಂಡಿತು. ಕೊನೆಗೆ ಅಂತೋನಿಯೊ ತಾನೇ ಇನ್ನೊಬ್ಬರ ಸೈಕಲ್ಲನ್ನು ಕದಿಯಲು ಹೋಗಿ ಮಗನೆದುರಿಗೇ ಸಿಕ್ಕಿಬೀಳುತ್ತಾನೆ. ಇಟಾಲಿಯನ್ ಶೀರ್ಷಿಕೆಯಲ್ಲಿ ಕಳ್ಳರು ಬಹುವಚನ. ಅಮೆರಿಕದಲ್ಲಿ ಅದು ಏಕವಚನದ ‘ದಿ ಬೈಸಿಕಲ್ ಥೀಫ್’ ಎಂದು ಬಿಡುಗಡೆಯಾಯಿತು. ಆ ವ್ಯತ್ಯಾಸವನ್ನು ತರಗತಿಯಲ್ಲಿ ಚರ್ಚಿಸುವಾಗ ನಾನು ಬಾಯಿ ಬಿಡಲಿಲ್ಲ. ಆ ಬಹುವಚನದಲ್ಲಿ ನಾನೂ ಇದ್ದೆ.

ನೌಕರಿಗೆ ಸೇರಿದ ಮೇಲೆ ಒಮ್ಮೆ ದಂಡ ಸಂಹಿತೆಯ ಪುಟ ತಿರುವುವ ಪ್ರಸಂಗ ಬಂದಿತು. 379ನೆಯ ಕಲಮು ಕಳವಿನದು. 411ನೆಯದು, ಕದ್ದ ಮಾಲೆಂದು ತಿಳಿದೋ ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಅದನ್ನು ಪಡೆದವನದು. ಎರಡಕ್ಕೂ ಗರಿಷ್ಠ ಶಿಕ್ಷೆ ಮೂರು ವರ್ಷ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 303 ಮತ್ತು 317 ಆಗಿವೆ. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮಾಲನ್ನು ಮೊದಲ ಬಾರಿ ಕದ್ದು ಅಪರಾಧಿಯೆನಿಸಿದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಎಂಬ ಹೊಸ ವಿನಾಯಿತಿ ಕಳವಿಗೆ ಸೇರಿದೆ. ನಮ್ಮ ಗಾಲಿ ಕದ್ದವನು ಬಹುಶಃ ಆ ವಿನಾಯಿತಿಯೊಳಗೆ ಬರುತ್ತಾನೆ. ಕೆಸರು ಬಳಿದ ಹುಡುಗನನ್ನು ಎಲ್ಲಿ ಸೇರಿಸಬೇಕೋ ನಾನರಿಯೆ.

ಮಗನಿಗೆ ಇದನ್ನೆಲ್ಲ ಮೊದಲ ಬಾರಿ ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಮನೆಯಿಂದ ತಂದಿದ್ದ ಡೈನಮೋವನ್ನು ಕಪಾಟಿನಿಂದ ತೆಗೆದು ಕೈಗಿಟ್ಟೆ. ಅವನು ಅಕ್ಷರಗಳ ಮೇಲೆ ಬೆರಳಾಡಿಸಿ ಕೇಳಿದ: “ಆದರೆ ಆ ಗಾಲಿ ನಮ್ಮದೇ ಆಗಿದ್ದರೆ?”

ಆಗಿರಬಹುದಿತ್ತು. ಆ ಜಾಹೀರಾತನ್ನು ಠಾಣೆಗೆ ತಿಳಿಸಿದೆವು. ಆದರೆ ನಮ್ಮದೆಂದು ತೋರಿಸಲು ಒಂದು ಗೀರೂ ಇರಲಿಲ್ಲ. ಬ.ಹ. ಅವರು ನಮಗಿಂತ ಜಾಣರಾಗಿದ್ದರು.

ಮುಂದಿನ ತಿಂಗಳು ಸಂಬಳವಾದ ಮೇಲೆ 3200 ಕೊಟ್ಟು ಬಿಲ್ಲು ಸಹಿತ ಹೊಸ ಗಾಲಿ ತಂದೆವು. ಅಲ್ಲಿಯವರೆಗೆ ಮಗ ಶಾಲೆಗೆ ನಡೆದೇ ಹೋದ. ಮೊದಲ ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಗಾಲಿ ಬಂದ ದಿನ ಕಂಪಾಸಿನ ಮೊನೆ ಹಿಡಿದು, ತನ್ನ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ ಬರೆದು ತೋರಿಸಲು ಕೇಳಿದ. ಮರಾಠಿ, ಇಂಗ್ಲಿಷುಗಳಲ್ಲಿ ಓದುವ ಹುಡುಗ. “ಈ ಕಾಲನಿಯಲ್ಲಿ ಬೇರೆ ಯಾರೂ ಇದನ್ನು ಬರೆಯೋದಿಲ್ಲ” ಎಂಬುದು ಅವನ ಲೆಕ್ಕ. ಹಬ್ಬಿನ ಮೇಲೆ ಅಕ್ಷರ ಸ್ವಲ್ಪ ಸೊಟ್ಟಗೆ ಮೂಡಿದೆ.

ಈ ಬಳಗದ ಓದುಗರಲ್ಲಿ ಧಾರವಾಡದ ನಂಟುಳ್ಳವರು ಹಲವರಿದ್ದೀರಿ. 1996ರಲ್ಲಿಯೋ ಅದಕ್ಕೆ ತುಸು ಹಿಂದೆಯೋ ಡೈನಮೋ ಕಳೆದುಕೊಂಡ, ಬ.ಹ. ಎಂಬ ಅಕ್ಷರಗಳ ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿರಿ. ಅದು ನನ್ನ ಬಳಿ ಇದೆ. ಗಾಲಿಗೆ ತಾಗಿಸಿ ತಿರುಗಿಸಿದರೆ ಇನ್ನೂ ಉರಿಯುತ್ತದೆ.