ಕೆಂಚಿಯ ಗಂಟು

ಹನ್ನೊಂದು ವರ್ಷದ ಕೆಂಚಿ ಕೂತು ಎದ್ದಲ್ಲೆಲ್ಲ ರಕ್ತದ ಹನಿ ಬೀಳತೊಡಗಿದಾಗ ನಾವು ತಲೆಕೆಡಿಸಿಕೊಳ್ಳಲಿಲ್ಲ. "ಬೆದೆಗೆ ಬಂದಿರ್ಬೇಕು ಬಿಡ್ರೋ" ಅಂದರು ಅಜ್ಜಿ. ಹೆಂಗಸರಿಗೆ ಮುಟ್ಟು ನಿಲ್ಲುವಂತೆ ನಾಯಿಗಳಿಗೆ ಬೆದೆ ನಿಲ್ಲುವುದಿಲ್ಲ, ಮುದಿತನದಲ್ಲೂ ಬರುತ್ತದೆ. ಹಾಗಾಗಿ ಮಾತು ಸರಿಯೆನಿಸಿತು. ಆದರೆ ಬೆದೆಯ ರಕ್ತ ಎರಡು ಮೂರು ವಾರದಲ್ಲಿ ನಿಲ್ಲಬೇಕು. ಒಂದೂವರೆ ತಿಂಗಳಾದರೂ ನಿಲ್ಲಲಿಲ್ಲ. ಪದೇಪದೇ ಉಚ್ಚೆಗೆ ಕೂರುತ್ತಿದ್ದಳು, ಬರುತ್ತಿದ್ದುದು ನಾಲ್ಕೇ ಹನಿ. ಬಾಲ ಎತ್ತಿ ನೋಡಲು ನಮಗೆ ನಾಚಿಕೆ. ಕೊನೆಗೆ ನೋಡಿದಾಗ ನಿಂಬೆಹಣ್ಣಿನಷ್ಟು ಗಂಟು ಹೊರಗೆ ಇಣುಕುತ್ತಿತ್ತು.

ಆಟೋದಲ್ಲಿ ಪಶು ಆಸ್ಪತ್ರೆಗೆ ಒಯ್ದೆವು. ನಾಯಿಗಳು ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಗಡ್ಡೆಯೂ ಉಂಟಂತೆ. ಅದಾದರೆ ಸಾಮಾನ್ಯವಾಗಿ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ನಲ್ಲೇ ಕರಗುತ್ತದೆ. ಡಾಕ್ಟರು ಗಂಟಿನ ಜೀವಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಅದಲ್ಲ. ಯೋನಿಯ ಸ್ನಾಯುವಿನ ಗಡ್ಡೆ ಇರಬೇಕು, ಲಿಯೋಮಯೋಮ. ಸಂತಾನಹರಣ ಆಗದ ವಯಸ್ಸಾದ ಹೆಣ್ಣುನಾಯಿಗಳಲ್ಲಿ ಬರುತ್ತೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ."

ಅಂಡಾಶಯದ ಹಾರ್ಮೋನು ಇಂಥ ಗಡ್ಡೆಯನ್ನು ಬೆಳೆಸುತ್ತದೆ. ಅದಕ್ಕೇ ಗಂಟಿನ ಜೊತೆ ಅಂಡಾಶಯ, ಗರ್ಭಕೋಶವನ್ನೂ ತೆಗೆದರು. ಈ ವಯಸ್ಸಿಗೆ ಅರಿವಳಿಕೆ ತಡೆದೀತೇ ಎಂದು ಹೊರಗೆ ಬೇವಿನ ಮರದಡಿ ಕೂತು ನಡುಗಿದೆವು. ಸಂಜೆ ಕೆಂಚಿ ಕಣ್ಣುಬಿಟ್ಟಳು. ಪ್ರಯೋಗಾಲಯದ ವರದಿಯೂ ಡಾಕ್ಟರ ಮಾತನ್ನೇ ಹೇಳಿತು.

ಹಸುವಿನ ಕೆಚ್ಚಲು ಬಾವಿನ ಬಗ್ಗೆ, ಹಳ್ಳಿ ಹೆಂಗಸರು ಬಾಯಿಬಿಡದೆ ನುಂಗುವ ಕಾಯಿಲೆಗಳ ಬಗ್ಗೆ ವರದಿ ಬರೆದವರು ನಾವು. ನಮ್ಮದೇ ಅಂಗಳದಲ್ಲಿ ಒಂದೂವರೆ ತಿಂಗಳು ರಕ್ತ ಒರೆಸಿದೆವೇ ಹೊರತು ಕಾರಣ ಕೇಳಲಿಲ್ಲ. ಈಗ ಕೆಂಚಿಯ ಮಗಳಿಗೆ ಸಂತಾನಹರಣ ಮಾಡಿಸಿದ್ದೇವೆ. ಬಾಲ ಎತ್ತಿ ನೋಡಲು ನಾಚಿಕೆಯೂ ಇಲ್ಲ.