ಎಲ್ಲೋರದ ಕತ್ತಲಲ್ಲಿ ಕಣ್ಣು ತೆರೆದಾಗ

ಖುಲ್ತಾಬಾದಿನಲ್ಲಿ ನಡುಹಗಲು. ಔರಂಗಜೇಬನ ಸಮಾಧಿಗೆ ಚಾವಣಿಯಿಲ್ಲ. ಸುತ್ತಲಿನ ಅಮೃತಶಿಲೆಯ ಜಾಲಂದ್ರದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿದೆ. ಘಾಟಿ ಇಳಿದು ಎಲ್ಲೋರಕ್ಕೆ ಬರುತ್ತೀರಿ. ರಾಷ್ಟ್ರಕೂಟರ ಒಂದನೆಯ ಕೃಷ್ಣ 8ನೇ ಶತಮಾನದಲ್ಲಿ ಕಡೆಸಿದ ಕೈಲಾಸ ದೇವಾಲಯ ದಾಟಿ, 10ನೇ ಗುಹೆಯೊಳಗೆ ಕಾಲಿಡುತ್ತೀರಿ. ಎಲ್ಲ ಮಸುಕು. ಅವಸರ ಬೇಡ, ಕಂಬದ ಪಕ್ಕ ನಿಲ್ಲಿ.

ಈಗ ನಿಮ್ಮದೇ ಅಕ್ಷಿಪಟಲಕ್ಕೆ ಇಳಿಯೋಣ. ಮಬ್ಬಿನಲ್ಲಿ ನೋಡುವ ಒಂದು ಕಡ್ಡಿಕೋಶ ಎದುರಿಗಿದೆ. ಅದರೊಳಗೆ ಜೋಳದ ರೊಟ್ಟಿಯ ಅಡುಕಿನಂತೆ ಸಾವಿರದಷ್ಟು ತೆಳು ಬಿಲ್ಲೆಗಳು. ಬಿಲ್ಲೆಯ ಪೊರೆ ಡಿಎಚ್‌ಎ ಎಂಬ ಕೊಬ್ಬಿನಾಮ್ಲದಿಂದ ತುಂಬಿ ಎಣ್ಣೆಯಷ್ಟು ಸಡಿಲ. ಅದರಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್ ಅಣುಗಳು ಕಿಕ್ಕಿರಿದು ತೇಲುತ್ತಿವೆ. ಬಿಸಿಲಿಗೆ ಬಣ್ಣಗೆಟ್ಟವು ಒಂದೊಂದಾಗಿ ಸಜ್ಜಾಗುತ್ತಿವೆ. ಪೂರ್ತಿ ಸಜ್ಜಾಗಲು ಅರ್ಧ ಗಂಟೆಯಾದರೂ ಬೇಕು.

ಗುಹೆಯ ಮೇಲಿನ ಕಿಂಡಿಯಿಂದ ಬಂದ ಬೆಳಕಿನ ಒಂದು ಕಣ ಒಂದು ರೊಡಾಪ್ಸಿನ್‌ಗೆ ತಗುಲಿತು. ಅದು ಎಚ್ಚೆತ್ತು, ಅಕ್ಕಪಕ್ಕದವರನ್ನು ತಾಗುತ್ತ ಅಲೆಯುತ್ತದೆ. ಅದಕ್ಕೆ ಬೇಕಾದ ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನು ಕೂಡ ಅದೇ ಪೊರೆಗೆ ಅಂಟಿಕೊಂಡಿದೆ. ಕೋಶದ ಇಡೀ ದ್ರವದಲ್ಲಿ ಹುಡುಕಬೇಕಿಲ್ಲ, ಹಾಳೆಯಂಥ ಒಂದೇ ಪಾತಳಿಯಲ್ಲಿ ಸುತ್ತಿದರೆ ಸಾಕು. ಒಂದನ್ನು ತಟ್ಟಿ ಇನ್ನೊಂದಕ್ಕೆ, ಮತ್ತೊಂದಕ್ಕೆ. ಸಂಕೇತ ಬಲಗೊಳ್ಳುತ್ತದೆ.

ಆದರೆ ಪಕ್ಕದ ಬಿಲ್ಲೆಗೆ ರೊಡಾಪ್ಸಿನ್ ಹಾರಲಾರದು. 1974ರಲ್ಲಿ ಮು-ಮಿಂಗ್ ಪೂ ಮತ್ತು ರಿಚರ್ಡ್ ಕೋನ್ ಕಪ್ಪೆಯ ಕಡ್ಡಿಕೋಶದ ಒಂದು ಪಕ್ಕಕ್ಕಷ್ಟೇ ಬೆಳಕು ಬಿಟ್ಟು ಇದನ್ನು ಕಂಡರು: ರೊಡಾಪ್ಸಿನ್ನಿನ ಬಣ್ಣ ಬಿಲ್ಲೆಯ ಅಗಲಕ್ಕೆ ಹರಡಿತು, ಕೋಶದ ಉದ್ದಕ್ಕೆ ಹರಡಲಿಲ್ಲ. ಬಿಲ್ಲೆಯ ಅಂಚನ್ನು ಬಾಗಿಸಿ ಹಿಡಿದಿರುವುದು ಪೆರಿಫೆರಿನ್ ಎಂಬ ಪ್ರೋಟೀನು. ಅಂಚಿನಿಂದ ಒಳಕ್ಕೆ ಚಾಚಿದ ಸೀಳುಗಳು ದ್ರವದಲ್ಲಿನ ಸಂದೇಶವಾಹಕ ಅಣುಗಳಿಗೆ ಮೇಲಿಂದ ಕೆಳಕ್ಕೆ ದಾರಿಯಾಗುತ್ತವೆ.

ತಲೆಯೆತ್ತಿ. ಕಮಾನಿನ ಕಲ್ಲಿನ ಪಕ್ಕೆಲುಬುಗಳು ಒಂದೊಂದಾಗಿ ಮೂಡುತ್ತಿವೆ. ಸ್ತೂಪದ ಮುಂದೆ ಕುಳಿತ ಬುದ್ಧನ ಮುಖ ತಿಳಿಯಾಗುತ್ತಿದೆ. ಪೊರೆ ಒಳಗೆ ಸಡಿಲವಾಗಿದ್ದು ಅಂಚಿನಲ್ಲಿ ಗಟ್ಟಿಯಾಗಿರುವುದರಿಂದಲೇ ಇದು ಸಾಧ್ಯ. ಪೆರಿಫೆರಿನ್‌ನ ಜೀನ್ ಕೆಟ್ಟರೆ ಬಿಲ್ಲೆಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ, ಕೋಶಗಳು ಸಾಯುತ್ತವೆ. ಹಲವರಿಗೆ ಮೊದಲು ಬರುವುದು ಇರುಳುಗುರುಡು. ಮುಸ್ಸಂಜೆಯಲ್ಲಿ ಮಗು ಎಡವಿದರೆ ಅಜಾಗರೂಕತೆ ಎಂದು ಗದರಬೇಡಿ, ಕಣ್ಣು ಪರೀಕ್ಷೆ ಮಾಡಿಸಿ.